ತವರಿಗೆ ಹೊರಟವಳು

ಮಾಟೊಬೊ ಗುಡ್ಡದ ಆ ಹಳ್ಳಿಯಲ್ಲಿ ನಸುಕಿಗೆ ಇನ್‌ಸಿಂಗಿಜಿ ಹಕ್ಕಿ ಕೂಗಿತೆಂದರೆ ಮಾಗುಂಬೊ ಗಂಟು ಕಟ್ಟಿದಳೆಂದೇ ಲೆಕ್ಕ. ಹುಲ್ಲಿನಲ್ಲಿ ಊರ ಹಿರಿಯರ ಹಾಗೆ ಗಂಭೀರವಾಗಿ ನಡೆದಾಡುವ, ಕೆಂಪು ಗಂಟಲಿನ ಈ ಕರಿ ಹಕ್ಕಿಗಳು ಜೋಡಿಯಾಗಿ ಕೂಗಿದರೆ ಅಲ್ಲಿನವರಿಗೆಲ್ಲ ಅದು ಗಂಡಹೆಂಡಿರ ಜಗಳವೇ: ಹೆಣ್ಣು "ಹೋಗ್ತೀನಿ, ತವರಿಗೆ ಹೋಗ್ತೀನಿ" ಅನ್ನುತ್ತದೆ, ಗಂಡು "ಹೋಗು, ಹೋಗು, ಎಷ್ಟು ದಿನದಿಂದ ಹೇಳ್ತಿದೀಯ" ಅನ್ನುತ್ತದೆ. ಮಾಗುಂಬೊಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಗಂಡ ಝೆಂಜೊ ಜೋರಾಗಿ ಸೀನಿದರೂ ಸಾಕು. "ನಮ್ಮಣ್ಣನ ಮನೇಲಿ ನಂಗೊಂದು ಚಾಪೆ ಇದೆ, ತಿಳ್ಕೋ!" ಎಂದು ಗಂಟನ್ನು ತಲೆಗೇರಿಸಿ ಊರಾಚೆಯ ಮರುಲಾ ಮರದವರೆಗೆ ಹೋಗುತ್ತಾಳೆ, ಅಲ್ಲಿಂದ "ಈ ಮನುಷ್ಯ ಒಲೆ ಮೇಲಿನ ಗಂಜಿ ಸೀಯಿಸಿಬಿಡ್ತಾನೆ" ಎಂದು ಬೈಯುತ್ತ ತಿರುಗುತ್ತಾಳೆ. "ಏನಮ್ಮ ಇನ್‌ಸಿಂಗಿಜಿ, ತವರು ಇಷ್ಟು ಬೇಗ ಮುಗೀತಾ?" ಎಂದು ನೆರೆಯ ಹೆಂಗಸರು ಛೇಡಿಸಿದರೆ, "ನಾಳೆ ನೋಡ್ತಿರಿ" ಅನ್ನುತ್ತಾಳೆ. ಮೊನ್ನೆ ಆ ಅಣ್ಣ ತೀರಿಕೊಂಡ. ಅವನನ್ನು ಮಣ್ಣು ಮಾಡಿ, ಯಾರೂ ಉಳಿಯದ ಮನೆಯ ಬಾಗಿಲಿಗೆ ಮುಳ್ಳುಕೊಂಬೆ ಎಳೆದು ಬಂದಳು. ಮರುದಿನ ಹಕ್ಕಿ ಕೂಗಿದಾಗ ಗಂಟು ಕಟ್ಟದೆ ಒಲೆಯ ಮುಂದೆ ಕೂತೇ ಇದ್ದಳು. ಝೆಂಜೊ ತುಸು ಹೊತ್ತು ಕಾದ, ಕೆಮ್ಮಿದ, ಕೊನೆಗೆ ಅವಳ ಗಂಟನ್ನು ತಾನೇ ಕಟ್ಟಿ ತಂದು ಮುಂದಿಟ್ಟ. "ಏನೇ, ಇವತ್ತು ಹೊರಡಲ್ವಾ? ಹೋಗು, ಹೋಗು, ಎಷ್ಟು ದಿನದಿಂದ ಹೇಳ್ತಿದೀಯ." ಅವಳು ಅವನನ್ನು ದುರುಗುಟ್ಟಿ ನೋಡಿ ಎದ್ದಳು. "ಹೋಗ್ತೀನಿ, ನಂಗೇನು ಹೆದರಿಕೆನಾ!" ಅವಳು ಮರ ಮುಟ್ಟುವಷ್ಟರಲ್ಲಿ ಝೆಂಜೊ ಒಲೆಗೆ ಇನ್ನೂ ಎರಡು ಕೊಳ್ಳಿ ತುರುಕಿ, ಗಂಜಿ ಸೀದ ವಾಸನೆ ಆ ಕಡೆಗೇ ಹೋಗಲೆಂದು ಟೋಪಿಯಿಂದ ಗಾಳಿ ಬೀಸತೊಡಗಿದ.