ಚಿಕ್ಕಪ್ಪನ ರಾಜಾಪಾರ್ಟು, ನನ್ನ ಡಿವಿಡಿ

ಡಿವಿಡಿ ಕಾಪಿ ಆಗುವುದನ್ನು ನೋಡಿದಷ್ಟು ಏಕಾಗ್ರತೆಯಿಂದ ನಾನು ಯಾವ ಸಿನಿಮಾವನ್ನೂ ನೋಡಿಲ್ಲ. ಕಂಪ್ಯೂಟರಿನ ತೆರೆಯ ಮೇಲೆ ಹಸಿರು ಪಟ್ಟಿ ತೆವಳುತ್ತಾ ಹೋಗುವಾಗ ನನಗೆ ಎದೆ ಡವಡವ. ಮನೆಯವರಿಗೂ ಕಟ್ಟಪ್ಪಣೆ: ಯಾರೂ ಜೋರಾಗಿ ನಡೆಯಕೂಡದು, ಫ್ಯಾನು ಹಾಕಕೂಡದು, ಮಿಕ್ಸಿಯ ಸುದ್ದಿಗೇ ಹೋಗಕೂಡದು. ಇದರಲ್ಲಿ ವಿಜ್ಞಾನ ಎಷ್ಟಿದೆಯೋ ಗೊತ್ತಿಲ್ಲ, ಭಕ್ತಿಯಂತೂ ಬೇಕಾದಷ್ಟಿದೆ.

ಹಿಂದೆ ಓಲೆಗರಿಯಲ್ಲಿ ಕಾವ್ಯಗಳನ್ನು ನಕಲು ಮಾಡುತ್ತಿದ್ದವರು ಕೊನೆಯಲ್ಲಿ, ಬೆನ್ನು ಬಾಗಿತು, ಕಣ್ಣು ಮಂಜಾಯಿತು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಬೇಡಿಕೊಳ್ಳುತ್ತಿದ್ದರಂತೆ. ನನ್ನ ಕಂಪ್ಯೂಟರಿಗೆ ಆ ವಿನಯವಿಲ್ಲ. ನೂರಕ್ಕೆ ತೊಂಬತ್ತೇಳು ಮುಗಿಸಿ, ಆಗಲ್ಲ ಎಂದು ಕೈಯೆತ್ತಿಬಿಡುತ್ತದೆ. ಆದರೂ ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ನಾನೇ ಡಿವಿಡಿ ಪಂಡಿತ ಎಂದು ಹೆಸರಾಗಿತ್ತು. ಆ ಹೆಸರು ಹರಡಿದವನೂ ನಾನೇ.

ಅದನ್ನು ನಂಬಿ ಒಂದು ಆಯುಧಪೂಜೆಯ ಬೆಳಿಗ್ಗೆ ಕಿರಂಗೂರಿನಿಂದ ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಬಂದರು. ಎರಡು ಹಸು, ಒಂದಿಷ್ಟು ಗದ್ದೆಯ ಚಿಕ್ಕಪ್ಪ ಊರಿನ ಪೌರಾಣಿಕ ನಾಟಕದಲ್ಲಿ ಜೀವಮಾನದಲ್ಲಿ ಒಂದೇ ಸಲ ರಾಜಾಪಾರ್ಟು ಮಾಡಿದ್ದರು. ಚಿಕ್ಕಮ್ಮ ಅದನ್ನು ನೋಡಿರಲಿಲ್ಲ. ನಾಟಕದ ರಾತ್ರಿಯೇ ಹಸು ಕರು ಹಾಕಿತ್ತು. ನಾಟಕದ ಇದ್ದೊಂದು ಡಿವಿಡಿ ಪಾತ್ರಧಾರಿಗಳ ಮನೆಮನೆ ಸುತ್ತಿ ಈ ಹಬ್ಬದ ದಿನ ಚಿಕ್ಕಪ್ಪನ ಕೈಗೆ ಬಂದಿತ್ತು. ಸಂಜೆಯೊಳಗೆ ನಾಗಮಂಗಲದ ಹಾರ್ಮೋನಿಯಂ ಮೇಷ್ಟರಿಗೆ ವಾಪಸ್ಸು ಕೊಡಬೇಕು.

"ಇವ್ಳು ಒಂದ್ಸಲ ನೋಡ್ಬುಡ್ಲಿ ಕಣ್ಲಾ. ಇನ್ನೊಂದ್ ಸೀಡಿಗೂ ಆಕ್ಕೊಡು," ಎಂದರು ಚಿಕ್ಕಪ್ಪ.

ಮೊದಲು ಕಾಪಿ, ಆಮೇಲೆ ನೋಟ ಎಂದೆ. ಪಂಡಿತ ತಾನೆ! ಹುರುಪಿನಿಂದ ಕಂಪ್ಯೂಟರಿನ ಮುಂದೆ ಹೋದರೆ, ಡಿವಿಡಿಗೆ ಆಗಲೇ ಪೂಜೆಯಾಗಿತ್ತು. ಮೇಜಿನ ಮೇಲಿದ್ದ ಅದನ್ನೂ ಅಮ್ಮ ಕಂಪ್ಯೂಟರು, ಮಿಕ್ಸಿಗಳ ಸಾಲಿಗೆ ಸೇರಿಸಿ, ಹೊಳೆಯುವ ಕಡೆಗೇ ಮೂರು ಬೆರಳು ವಿಭೂತಿ ಎಳೆದು ಕುಂಕುಮ ಇಟ್ಟಿದ್ದರು.

"ಒಳೆಯೋದೇ ತಾನೆ ಮೊಖ?" ಎಂದರು ಅಮ್ಮ.

ಚಿಕ್ಕಪ್ಪನ ಮುಖ ನೋಡಲಾಗಲಿಲ್ಲ. ಹಳೆಯ ಪಂಚೆಯ ತುಂಡು ನೆನೆಸಿ, ಒರೆಸಿ, ಡ್ರೈವಿನೊಳಗೆ ತಳ್ಳಿದೆ. ಪಟ್ಟಿ ತೆವಳಿತು. ಅರವತ್ತೊಂದಕ್ಕೆ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಹತ್ತು ನಿಮಿಷವಾದರೂ ಅರವತ್ತೊಂದೇ.

ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ಇದ್ನ ನಂಬ್ಕಂಡ್ರೆ ಆಗಾಕಿಲ್ಲ, ಇಲ್ಲೇ ನೋಡಮ್ಮಿ!" ಎಂದು ಚಿಕ್ಕಮ್ಮನಿಗೆ ಹೇಳಿ, ಮೂಲೆಯ ಛತ್ರಿಯನ್ನೇ ಗದೆ ಮಾಡಿಕೊಂಡು ಎದ್ದುನಿಂತರು. ನಮ್ಮ ಪುಟ್ಟ ನಡುಮನೆ ಆಸ್ಥಾನವಾಯಿತು! ಎಂಥ ಕಂಠ, ಎಂಥ ಗತ್ತು! ನನಗಂತೂ ಮೈ ಜುಮ್ಮೆಂದಿತು. ನಡುವೆ ಮಾತು ಮರೆತು ತಡವರಿಸಿದಾಗ ಚಿಕ್ಕಮ್ಮನೇ ಎತ್ತಿಕೊಟ್ಟರು. ಮೂರು ತಿಂಗಳು ಹಾಲು ಕರೆಯುವಾಗ ಚಿಕ್ಕಪ್ಪನ ಅಭ್ಯಾಸ ಕೇಳಿ ಕೇಳಿ ಅವರಿಗೆ ಅಷ್ಟೂ ಬಾಯಿಪಾಠವಾಗಿತ್ತು.

ಅಷ್ಟರಲ್ಲಿ ಹಿಂದೆ ಟಕ್ ಎಂದಿತು. ಡ್ರೈವು ತಾನಾಗಿ ಬಾಯಿ ತೆರೆದು ಖಾಲಿ ಡಿವಿಡಿ ಕೇಳುತ್ತಿತ್ತು. ನಾಟಕವನ್ನು ಪೂರ್ತಿ ಓದಿಬಿಟ್ಟಿತ್ತು! "ಬಂತು ಚಿಕ್ಕಮ್ಮ, ಈಗ್ಲೇ ತೋರುಸ್ತೀನಿ!" ಎಂದು ಕುಣಿದೆ.

"ಆಮೇಕೆ ತೋರ್ಸೀವಂತೆ ಸುಮ್ಕಿರ್ಲಾ," ಎಂದರು ಚಿಕ್ಕಮ್ಮ, ಗಂಡನಿಂದ ಕಣ್ಣು ಕದಲಿಸದೆ. "ಇವ್ರು ಇನ್ನೂ ಸಾಯ್ಬೇಕು."

ಚಿಕ್ಕಪ್ಪ ಪರಮಾನಂದದಿಂದ ಸತ್ತರು. ಚಿಕ್ಕಮ್ಮ ಚಪ್ಪಾಳೆ ತಟ್ಟಿ "ಒನ್ಸ್ ಮೋರ್!" ಎಂದು ಕೂಗಿದ್ದೇ ತಡ, ಸತ್ತ ರಾಜರು ಎದ್ದು, ಪಂಚೆ ಬಿಗಿದು, ಮತ್ತೊಮ್ಮೆ ಸತ್ತರು. ಅಷ್ಟು ಬೇಗ ಎರಡನೇ ಪ್ರತಿ ತೆಗೆಯುವುದು ನನ್ನ ಕಂಪ್ಯೂಟರಿಗೆ ಇವತ್ತಿಗೂ ಆಗಿಲ್ಲ.