ಎಲ್‌ಕೆಜಿಗೆ ಬಂದ ಮಾಷ್ಟ್ರು

ನಾನು ಕಾರ್ಕಳದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಾಗ, ಎಲ್‌ಕೆಜಿ ಶಿಕ್ಷಕರ ಸಂದರ್ಶನಕ್ಕೆ ಕಾಪುವಿನಿಂದ ಒಬ್ಬ ತರುಣ ಬಂದಿದ್ದ. ಉಳಿದವರೆಲ್ಲ ಹೆಂಗಸರು.

“ಪುಟ್ಟ ಮಕ್ಕಳನ್ನು ನೋಡಿಕೊಳ್ಳಲಿಕ್ಕೆ ನಿಮ್ಮಿಂದ ಆಗ್ತದಾ?” ಎಂದು ನಮ್ಮ ಸಂಚಾಲಕರು ನಕ್ಕರು.

“ಅಮ್ಮ ಬೆಳಿಗ್ಗೆಯೇ ಮೀನು ಮಾರಲಿಕ್ಕೆ ಹೋಗ್ತಿದ್ರು ಸರ್. ತಂಗಿಯರಿಗೆ ಜಡೆ ಹಾಕಿ, ತಿಂಡಿ ತಿನ್ನಿಸಿ ಶಾಲೆಗೆ ಕಳಿಸ್ತಾ ಇದ್ದದ್ದು ನಾನೇ.”

ಅವನು ಹೊರಗೆ ಹೋದ ಮೇಲೆ ಸಂಚಾಲಕರು, “ತಾಯಂದಿರು ಒಪ್ಪಲಿಕ್ಕಿಲ್ಲ ಮೇಡಂ,” ಎಂದರು. ಆ ಅಳುಕು ನನಗೂ ಇತ್ತು. ಆದರೆ ಮಾದರಿ ಪಾಠ ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು ಅವನೇ. ಬರೀ ಗಂಡಸೆಂಬ ಕಾರಣಕ್ಕೆ ಕಳಿಸಿಬಿಡಲು ಮನಸ್ಸಾಗಲಿಲ್ಲ.

“ಇವರೇ ಇರಲಿ. ದೂರು ಬಂದರೆ ನಾನು ಉತ್ತರ ಕೊಡ್ತೇನೆ,” ಎಂದೆ.

ದೂರುಗಳು ಬಂದವು. ತಾಯಂದಿರನ್ನು ಕರೆದು ತರಗತಿಯಲ್ಲೇ ಕೂರಿಸಿದೆ. ಅವನ ಪಾಠ ನೋಡಿ ಹೆಚ್ಚಿನವರು ಸಮಾಧಾನಗೊಂಡರು. ಒಬ್ಬರು ಮಾತ್ರ ಮಗಳನ್ನು ಬೇರೆ ಶಾಲೆಗೆ ಸೇರಿಸಿದರು.

ಮಕ್ಕಳು ಶಾಲೆ ಆಟ ಆಡುವುದನ್ನು ನಾನು ಎಷ್ಟೋ ವರ್ಷ ನೋಡಿದ್ದೆ. ಟೀಚರ್ ಆಗುತ್ತಿದ್ದವರು ಹುಡುಗಿಯರೇ. ಹುಡುಗರಿಗೆ ಬಸ್ಸಿನ ಡ್ರೈವರೋ ಪೊಲೀಸೋ ಆಗಬೇಕು. ಆ ವರ್ಷ ಒಂದು ದಿನ ಜಗಲಿಯಲ್ಲಿ ಇಬ್ಬರು ಹುಡುಗರು, “ಇವತ್ತು ನಾನು ಮಾಷ್ಟ್ರು!” ಎಂದು ಜಗಳವಾಡುತ್ತಿದ್ದರು. ಬಿಡಿಸಲು ಹೋದವಳು ಕೇಳುತ್ತ ನಿಂತುಬಿಟ್ಟೆ.