ಕಲ್ಲಿಗೆ ಕಟ್ಟಿದ ಗಿಡ

ಸುಮಿತ್ರಕ್ಕ, ನಿಮ್ಮ ಮೀನಿನ ಗಾಜಿನ ತೊಟ್ಟಿಯಲ್ಲಿ ಕಲ್ಲಿನ ಮೇಲೆ ಕೂತಿರುವ ಆ ಗಿಡ ಸ್ವಾಮಣ್ಣ ಕಟ್ಟಿದ್ದಲ್ಲ. ನಾನು ಕಟ್ಟಿದ್ದು. ಅವರು ಕಟ್ಟಿದ್ದ ಗಿಡವನ್ನು ನಾನು ಕೈಯಾರೆ ಕೊಳೆಸಿದೆ. ಕೊಳೆಸಿ, ಅಂಥದೇ ಇನ್ನೊಂದನ್ನು ಅಂಗಡಿಯಿಂದ ತಂದು, ಅದೇ ಕಲ್ಲಿಗೆ ಕಟ್ಟಿ, ನೀವು ತವರಿನಿಂದ ಬರುವ ಹೊತ್ತಿಗೆ ಏನೂ ಗೊತ್ತಿಲ್ಲದವಳ ಹಾಗೆ ನಿಮ್ಮ ಮನೆ ಬಾಗಿಲು ತೆಗೆದು ನಿಂತಿದ್ದೆ. ಕಲ್ಲು ಮಾತ್ರ ಅವರದು. ಇಷ್ಟು ವರ್ಷ ದೀಪ ಹಾಕುವ ಹೊತ್ತಿಗೆ ನೀವು ಅದರ ಮುಂದೆ ಕೂತು, 'ನೋಡಿ, ಇವತ್ತು ಹಿಂಗಾಯ್ತು' ಅಂತ ತೀರಿಹೋದ ಗಂಡನಿಗೆ ವರದಿ ಒಪ್ಪಿಸಿದಿರಲ್ಲ — ಅದನ್ನೆಲ್ಲ ಕೇಳಿಸಿಕೊಂಡಿದ್ದು ನಾನು ಕೊಂಡು ತಂದ ಗಿಡ. ಪಕ್ಕದಲ್ಲಿ ಕಾಫಿ ಲೋಟ ಹಿಡಿದುಕೊಂಡು ಕೂತಿದ್ದವಳು ನಾನು.

ಅಬ್ಬಾ, ಹೇಳಿದೆ. ಹೇಳಿದ್ದು ಯಾರಿಗೆ? ಹೊಲಿಗೆ ಮೆಷಿನ್ನಿಗೆ. ಇದನ್ನು ನಿಮ್ಮ ಮುಖ ನೋಡಿಕೊಂಡು ಹೇಳಬೇಕು, ಅದಕ್ಕೆ ಮೊದಲು ಒಂದು ಸಲ ಇಲ್ಲಿ ಹೇಳಿ ನೋಡುತ್ತಿದ್ದೇನೆ. ಬಾಯಿ ಬಡುಕಿ ಗಿರಿಜಾ ಅಂತ ಬೀದಿಯೆಲ್ಲ ಕರೆಯುತ್ತದೆ. ಬೇಕಾದ ಒಂದು ಮಾತು ಮಾತ್ರ ಈ ಬಾಯಿಂದ ಬರಲಿಲ್ಲ ನೋಡಿ.

ಈಗಲೂ ಬರುತ್ತಿರಲಿಲ್ಲವೇನೋ. ನಿನ್ನೆ ಬ್ಲೌಸು ತೆಗೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ಹೇಳಿದಿರಿ. "ನಾಳಿದ್ದು ನಂದಿನಿ ಬತ್ತಾಳೆ ಕಣೆ. ಚನ್ರಾಯಪಟ್ಣದ ಮನೇಲಿ ಅವ್ಳೂ ಒಂದು ತೊಟ್ಟಿ ಇಟ್ಟವ್ಳಂತೆ. ಅವ್ರಪ್ಪನ ಗಿಡನ ಎಲ್ಡು ಮಾಡಿ ಅವ್ಳಿಗೊಂದು ಕೊಟ್ಬುಡಾಣ. ನೀನೇ ಬಂದು ಕುಯ್ದು ಕೊಡು, ನಿನ್ ಕೈಯಲ್ಲಾದ್ರೆ ಬದುಕ್ತದೆ." ನನ್ನ ಕೈಯಲ್ಲಾದರೆ! ಅಷ್ಟು ಹೇಳಿ ನಗುತ್ತಾ ಹೋಗಿಬಿಟ್ಟಿರಿ. ನಾನು ಒಂದು ತೋಳನ್ನು ತಿರುವುಮುರುವಾಗಿ ಹೊಲಿದು, ಬಿಚ್ಚಿ, ಮತ್ತೆ ತಿರುವುಮುರುವಾಗಿಯೇ ಹೊಲಿದೆ. ನಿಮಗೆ ನಾನು ಸುಳ್ಳು ಹೇಳಿದ್ದೆ, ಅದು ನಮ್ಮಿಬ್ಬರ ನಡುವೆ ಇತ್ತು. ಈಗ ಆ ಸುಳ್ಳನ್ನು ನಂದಿನಿ ಅಪ್ಪನ ನೆನಪು ಅಂತ ತನ್ನ ಮನೆಗೆ ಒಯ್ಯಬೇಕು, ಅದನ್ನು ಕುಯ್ದು ಕೊಡುವವಳು ನಾನೇ ಆಗಬೇಕು. ಇದು ನನ್ನಿಂದಾಗದು ಅಕ್ಕ.

ಸ್ವಾಮಣ್ಣನಿಗೆ ಆ ತೊಟ್ಟಿಯ ಹುಚ್ಚು ಹಿಡಿದ ಕಾಲ ನೆನಪಿದೆಯೇ? ಹಗಲೆಲ್ಲ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವುದು, ಸಂಜೆ ಬಂದು ತೊಟ್ಟಿಯ ಮುಂದೆ ಕೂರುವುದು. ಮುಚ್ಚಳವನ್ನೂ ಅದರೊಳಗಿನ ಲೈಟನ್ನೂ ತಾವೇ ಮಾಡಿಕೊಂಡಿದ್ದರು. ಮೊದಲು ಹಾಸನದ ಅಂಗಡಿಯಿಂದ ಕೆಂಪೆಲೆಯ ಗಿಡ ತಂದರು; ನೀವೇ ಆಸೆಪಟ್ಟು ಆರಿಸಿದ್ದು. ಅದು ದಿನದಿನಕ್ಕೂ ಕಳೆಗುಂದಿ ಬರೀ ಕಡ್ಡಿ ಉಳಿಯಿತು. ಆಮೇಲೆ ಬಿಳಿ ಅಂಚಿನ ಎಲೆಯದು ಬಂತು. ಅದು ಕುಂಡದ ಗಿಡವಂತೆ, ನೀರಿನಲ್ಲಿ ಮುಳುಗಿಸಿ ಮಾರುತ್ತಾರಂತೆ, ಅದೂ ಕೊಳೆಯಿತು. ನಾನು ಸುಮ್ಮನಿರಬೇಕೋ ಬೇಡವೋ, "ಇನ್ನೂ ಜೋರಾಗಿರೋ ಲೈಟ್ ಹಾಕಣ್ಣ" ಎಂದೆ. ಅದಕ್ಕವರು, "ಗಿಡ ಚೆಂದ ಅಂತ ಲೈಟ್ ಹುಡುಕ್ಕಂಡು ಓಗಾದಲ್ಲ ಕಣಮ್ಮ. ನಮ್ಮನೇಲಿ ಎಂಥಾ ಬೆಳಕದೆ, ಎಷ್ಟೊತ್ತು ಕರೆಂಟಿರ್ತದೆ, ಅದ ನೋಡ್ಕಂಡು ಗಿಡ ತರ್ಬೇಕು" ಎಂದರು. ಹಾಗೆ ಹುಡುಕಿ ತಂದದ್ದೇ ಅನುಬಿಯಾಸ್. ದಪ್ಪ ಎಲೆ, ಕಡಿಮೆ ಬೆಳಕು ಸಾಕು, ಬೆಳೆಯುವುದೂ ನಿಧಾನ. ಅದನ್ನು ಮರಳಲ್ಲಿ ಹೂಳದೆ, ಹೊಳೆಯಿಂದ ತಂದ ಒಂದು ಕಲ್ಲಿನ ಮೇಲೆ ಕೂರಿಸಿ ಗಾಳದ ದಾರದಿಂದ ಕಟ್ಟಿದರು. ಯಾಕೆ ಹಾಗೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ — ಕೇಳಲಿಲ್ಲ, ಅಷ್ಟೆ.

ಅವರು ಹೋದದ್ದು ಎದೆನೋವು ಅಂತ ಕೂತವರು ಮೇಲೇಳಲೇ ಇಲ್ಲ ಎನ್ನುವ ಹಾಗೆ. ತಿಥಿ ಮುಗಿದ ಮೇಲೆ ನಿಮ್ಮ ಅಣ್ಣಂದಿರು ಬಂದು ನಿಮ್ಮನ್ನು ಹೊಳೆನರಸೀಪುರಕ್ಕೆ ಕರೆದುಕೊಂಡು ಹೊರಟರು. ಕಾರು ಹತ್ತುವ ಮುಂಚೆ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಅದುಮಿದಿರಿ. "ಮೀನ್‌ಗೆ ಒಂದು ಚಿಟಿಕೆ ಕಾಳು ಹಾಕು. ಲೈಟು ಸಾಯಂಕಾಲ ಹಾಕು, ಮಲಗೋವಾಗ ಆರ್ಸು. ಗಿಡ ಮಾತ್ರ ಮುಟ್ಬ್ಯಾಡ ಕಣೆ. ಅವ್ರು ಕಟ್ಟಿರಾದು."

ಇಷ್ಟೇ ಮಾತು. ಮಗುವಿಗೂ ಅರ್ಥವಾಗುವಂಥದ್ದು.

ಮೊದಲನೆಯ ತಪ್ಪು ಲೈಟಿನದು. ಸಾವಾದ ಮನೆ, ಬೀಗ ಹಾಕಿದೆ, ಒಳಗೆ ಸಂಜೆ ದೀಪ ಹಚ್ಚುವವರಿಲ್ಲ — ಕತ್ತಲು ಬಿಡಬಾರದು ಅಂತ ನನ್ನ ಮನಸ್ಸಿಗೆ ಬಂತು. ನಮ್ಮ ಕಡೆ ಜೀವ ಹೋದ ಜಾಗದಲ್ಲಿ ದೀಪ ಆರದ ಹಾಗೆ ನೋಡಿಕೊಳ್ಳುತ್ತಾರಲ್ಲ, ಎಣ್ಣೆ ದೀಪ ಇಟ್ಟು ಬೀಗ ಹಾಕುವುದಕ್ಕೆ ಹೆದರಿಕೆ, ತೊಟ್ಟಿಯ ಲೈಟೇ ಇರಲಿ ಬಿಡು ಎಂದುಕೊಂಡೆ. ಸ್ವಿಚ್ಚು ಹಾಕಿ ಕೈಮುಗಿದೆ. ಆಮೇಲೆ ಆರಿಸಲೇ ಇಲ್ಲ, ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಕಿಟಕಿಯ ಗಾಜಿನಲ್ಲಿ ಆ ಬೆಳಕು ಕಾಣುವಾಗ ನಿಮಗೊಂದು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂತ ಹೆಮ್ಮೆ ಬೇರೆ. ನೋಡುತ್ತಿದ್ದ ಹಾಗೆ ಗಾಜಿಗೆಲ್ಲ ಪಾಚಿ ಹತ್ತಿತು. ಸ್ವಾಮಣ್ಣನ ಗಿಡದ ಎಲೆಗಳ ಮೇಲೂ ಕಪ್ಪು ಹಸಿರು ತುಪ್ಪಳ ಬಂತು.

ಆಗಲಾದರೂ ನಿಮಗೊಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಗಿಡಕ್ಕೆ ಏನೋ ರೋಗ ಅಂತ ಬಗ್ಗಿ ನೋಡಿದೆ. ನೋಡಿದರೆ, ಬೇರಿನ ಗೆಡ್ಡೆ ಕಲ್ಲಿನ ಮೇಲೆ ಪೂರಾ ಬಯಲಿಗೆ ಬಿದ್ದಿದೆ! ನಾನು ಮಲ್ಲಿಪಟ್ಟಣದ ಕಡೆಯವಳು, ಆಲೂಗೆಡ್ಡೆ ಹೊಲದಲ್ಲೇ ಬೆಳೆದವಳು. ಗೆಡ್ಡೆ ಹೊರಗೆ ಕಂಡರೆ ನಮಗೆ ಸುಮ್ಮನಿರಲು ಆಗುವುದಿಲ್ಲ. ಬಿಸಿಲು ತಾಗಿದ ಗೆಡ್ಡೆ ಹಸಿರು ತಿರುಗುತ್ತದೆ, ತಿನ್ನಲು ಬರುವುದಿಲ್ಲ; ಅದಕ್ಕೇ ಬುಡಕ್ಕೆ ಮಣ್ಣೇರಿಸಬೇಕು. 'ಅಯ್ಯೋ, ಮೋಟಾರು ಸುತ್ತುವವರಿಗೆ ಬೇಸಾಯ ಎಲ್ಲಿಂದ ಗೊತ್ತಾಗಬೇಕು' ಅಂತ ಸತ್ತವರ ಮೇಲೇ ತಪ್ಪು ಹಾಕಿ, ಸೆರಗು ಸಿಕ್ಕಿಸಿ ತೊಟ್ಟಿಯೊಳಗೆ ಕೈಯಿಟ್ಟೆ. ಸುತ್ತಲಿನ ಮರಳನ್ನೆಲ್ಲ ಬಳಿದು ಗೆಡ್ಡೆ ಮುಚ್ಚುವ ಹಾಗೆ ಏರಿಸಿದೆ. ಸಾಲದು ಅಂತ ಒಣ ಗೊಬ್ಬರದ ಪುಡಿಯನ್ನೂ ಒಂದು ಹಿಡಿ ಅದುಮಿದೆ. ಅದಾದ ಮೇಲೆ ತೃಪ್ತಿಯಿಂದ ಕೈ ತೊಳೆದುಕೊಂಡೆ.

ಅನುಬಿಯಾಸ್ ಗೆಡ್ಡೆಯನ್ನು ಹೂಳಿದರೆ ಅದು ಕೊಳೆತೇ ಹೋಗುತ್ತದೆ. ಎಲೆಗಳು ಒಂದೊಂದಾಗಿ ಕಳಚಿ ಮೇಲೆ ತೇಲಿದವು. ನೀರು ನಾತ ಹೊಡೆಯಿತು, ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಬಕೆಟ್ಟಿನಲ್ಲಿ ನೀರು ಬದಲಾಯಿಸಿ ಮೀನುಗಳನ್ನು ಹೇಗೋ ಉಳಿಸಿಕೊಂಡೆ. ಕಲ್ಲನ್ನು ಎತ್ತಿದರೆ ಗಾಳದ ದಾರದೊಳಗೆ ಇದ್ದದ್ದು ಬೆಂದ ಗೆಣಸಿನ ಹಾಗೆ ಮೆತ್ತಗಾಗಿತ್ತು. ನಿಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ ಅಕ್ಕ. ಸ್ವಾಮಣ್ಣ ಹೋದ ದಿನ ಕೂಡ ಹಾಗೆ ಅತ್ತಿರಲಿಲ್ಲ.

ಅಳುತ್ತಲೇ ಬೆರಳಿನಲ್ಲಿ ಒತ್ತಿ ನೋಡುತ್ತಾ ಹೋದೆ. ತುದಿಯಲ್ಲಿ ಒಂದು ಕಡೆ, ಉಗುರಿನಷ್ಟು ಗಟ್ಟಿಯಾಗಿತ್ತು. ಅದರಲ್ಲೊಂದು ಮೊಳಕೆಯ ಕಣ್ಣಿತ್ತು. ಆಲೂಗೆಡ್ಡೆ ಬಿತ್ತನೆಗೆ ಕಣ್ಣು ನೋಡಿಯೇ ಅಲ್ಲವೇ ನಾವು ಕುಯ್ಯುವುದು. ಕೊಳೆತದ್ದನ್ನೆಲ್ಲ ಕತ್ತರಿಸಿ ಆ ಚೂರನ್ನು ಮಾತ್ರ ಮನೆಗೆ ತಂದು, ಉಪ್ಪಿನಕಾಯಿ ಬಾಟಲಿಯಲ್ಲಿ ನೀರು ಹಾಕಿ, ಮೆಷಿನ್ ಪಕ್ಕದ ಕಿಟಕಿಯಲ್ಲಿಟ್ಟೆ. ಬದುಕುತ್ತದೆ ಎಂದೇನೂ ಅಲ್ಲ, ಎಸೆಯಲು ಮನಸ್ಸು ಬರಲಿಲ್ಲ.

ಆಮೇಲೆ ಅಂಗಡಿಗೆ ಹೋದೆ. ಉದುರಿದ ಎಲೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಸೀರೆಗೆ ಬ್ಲೌಸ್ ಪೀಸ್ ಹೊಂದಿಸುವ ಹಾಗೆ, ಒಂದೊಂದೇ ಗಿಡದ ಪಕ್ಕ ಹಿಡಿದು ಬಣ್ಣ ನೋಡಿದೆ, ಅಗಲ ನೋಡಿದೆ. ಅಂಗಡಿಯವನು, "ಇದ್ಯಾಕಮ್ಮ, ಇದು ಬೆಳೆಯೋದೇ ಇಲ್ಲ, ಕೆಂಪು ಗಿಡ ತಗೊಳ್ಳಿ" ಅಂದ. ಅವನ ಮೇಲೆ ಹರಿಹಾಯ್ದೆ, ಪಾಪ. ಹೊಂದುವ ಗಿಡ ಸಿಕ್ಕಿತು. ಗೆಡ್ಡೆ ಮರಳೊಳಗೆ ಹೋಗಬಾರದು ಅಂತ ಅವನೇ ಹೇಳಿದ. ನಾನು ಮಾಡಿದ್ದು ಏನು ಅಂತ ಆಗ ತಿಳಿಯಿತು. ಮನೆಯಲ್ಲಿ ಗಾಳದ ದಾರ ಇರಲಿಲ್ಲ. ನನ್ನ ಮೆಷಿನ್ನಿನ ಕರಿ ದಾರದಿಂದಲೇ ಕಟ್ಟಿದೆ. ಬೇರು ಬಿಡಿಸಿ ನೋಡಿದರೆ ಆ ದಾರ ಈಗಲೂ ಕಾಣುತ್ತದೆ, ಅದು ಕರಗುವ ಜಾತಿಯದಲ್ಲ.

ನೀವು ಬಂದಿರಿ. ಸೊರಗಿ ಅರ್ಧವಾಗಿದ್ದಿರಿ. ಚಪ್ಪಲಿ ಬಿಟ್ಟವರು ನೆಟ್ಟಗೆ ತೊಟ್ಟಿಯ ಹತ್ತಿರ ಹೋಗಿ, ಲೈಟು ಹಾಕಿ, ಗಾಜಿನ ಮೇಲೆ ಕೈಯಿಟ್ಟಿರಿ. ತಿಂಗಳುಗಟ್ಟಲೆ ತವರಲ್ಲಿದ್ದು ಬಂದವರು ಅಂದಿರಿ, "ಇದಾದ್ರೂ ಉಳ್ಕತಲ್ಲ ಗಿರಿಜಾ. ನೀನಿರ್ನಿಲ್ಲ ಅಂದ್ರೆ ಇದೂ ಓಗ್ಬುಡಾದು." ಆ ಗಳಿಗೆಯಲ್ಲೇ ಹೇಳಬೇಕಿತ್ತು. ನಾನು, "ಕಾಫಿ ಇಡ್ತೀನಿ ಅಕ್ಕ" ಅಂದೆ.

ಹೆದರಿಕೆ ಅಂತ ಇಲ್ಲಿಗೇ ನಿಲ್ಲಿಸಿದರೆ ನೀವು ಕ್ಷಮಿಸಿಬಿಡುತ್ತೀರಿ. ಆದರೆ ಇನ್ನೂ ಇದೆ.

ಬಾಟಲಿಯಲ್ಲಿದ್ದ ಆ ಚೂರು ಚಿಗುರಿತು. ಮೊದಲು ಸಾಸಿವೆಯಷ್ಟು ಹಸಿರು, ಆಮೇಲೆ ಸುರುಳಿ ಬಿಚ್ಚಿದ ಒಂದು ಎಲೆ. ನಾನು ಸಣ್ಣದೊಂದು ತೊಟ್ಟಿ ತಂದು, ಸ್ವಾಮಣ್ಣ ಹೇಳುತ್ತಿದ್ದ ಹಾಗೆ ನಮ್ಮ ಮನೆಯ ಬೆಳಕಿಗೆ ತಕ್ಕ ಹಾಗೆ ಲೈಟು ಹಾಕಿ, ಹೊತ್ತಿಗೆ ಸರಿಯಾಗಿ ಆರಿಸುತ್ತಾ ಬೆಳೆಸಿದೆ. ನನ್ನ ಮೆಷಿನ್ ಪಕ್ಕದಲ್ಲಿ ನೀವು ನೋಡುತ್ತೀರಲ್ಲ, "ನಿನ್ ಗಿಡ ಅದೇನೆ ಅಂಗೆ ಹೊಳೀತದೆ, ನನ್ದು ಇಂಗೆ ಆಗಾದೇ ಇಲ್ವಲ್ಲ" ಅಂತ ಹೋದ ಸಲವೂ ಅಂದಿರಲ್ಲ — ಅದೇ ಅಕ್ಕ. ಸ್ವಾಮಣ್ಣ ಕಟ್ಟಿದ್ದು ಅದು. ಸತ್ತಿಲ್ಲ. ಇಷ್ಟು ವರ್ಷ ನನ್ನ ಮನೆಯಲ್ಲಿದೆ.

ಚಿಗುರಿದ ದಿನವೇ ತಂದು ಕೊಡಬಹುದಿತ್ತು. ಮೊದಮೊದಲು ತಡೆದದ್ದು ಹೆದರಿಕೆಯೇ. ಆಮೇಲೆ ತಡೆದದ್ದು ಆಸೆ. ಅದು ನನ್ನ ಕೈಯಲ್ಲಿ ಬದುಕಿತ್ತು. ನೀವು ಹೊಗಳಿದಾಗ ಕೇಳಲು ಹಿತವಾಗಿತ್ತು. ಅದಿಲ್ಲದ ಕಿಟಕಿಯನ್ನು ನೆನೆಸಿಕೊಳ್ಳಲು ಆಗುತ್ತಿರಲಿಲ್ಲ. ನಿಮ್ಮ ಗಂಡನದನ್ನು ನಿಮ್ಮ ಎದುರಿಗೇ ಇಟ್ಟುಕೊಂಡು ನನ್ನದು ಅನ್ನಿಸಿಕೊಂಡೆ. ಕೊಳೆಸಿದ್ದು ದಡ್ಡತನ. ಇದು ಕಳ್ಳತನ.

ಮತ್ತೆ ನೀವು ನನಗೆ ಏನೆಲ್ಲ ಮಾಡಿದಿರಿ! ನನ್ನ ಮಗಳ ಬಾಣಂತನಕ್ಕೆ ನೀವು ನಿಂತಿರಿ, ಕೂಸಿಗೆ ಮೊದಲ ಸಲ ನೀರೆರೆದದ್ದು ನಿಮ್ಮ ಕಾಲ ಮೇಲೆ. ನನಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಮುದ್ದೆ ಸಾರು ಹೊತ್ತು ತಂದಿರಿ, ತಿನ್ನದಿದ್ದರೆ ಬೈದಿರಿ. ಅವತ್ತು ಕಾರು ಹತ್ತುವಾಗ ಬೀಗದ ಕೈಯನ್ನು ನಿಮ್ಮ ಅಣ್ಣಂದಿರಿಗೂ ಕೊಡದೆ ನನಗೆ ಕೊಟ್ಟಿರಿ. ಈ ಜನ್ಮದಲ್ಲಿ ಇನ್ನೊಬ್ಬರು ನನ್ನನ್ನು ಅಷ್ಟು ನಂಬಲಿಲ್ಲ. ಸಂಜೆ ನಿಮ್ಮ ಜೊತೆ ಆ ಬೆಳಕಿನಲ್ಲಿ ಕೂತಿದ್ದ ಹೊತ್ತು ಇತ್ತಲ್ಲ, ನನ್ನ ದಿನದಲ್ಲಿ ಚೆನ್ನಾಗಿದ್ದದ್ದು ಅದೊಂದೇ ಹೊತ್ತು. ಅದು ಸುಳ್ಳಿನ ಮೇಲೆ ನಿಂತಿತ್ತು, ನಿಜ. ಆದರೆ ನೀವು ಕೊಟ್ಟ ಪ್ರೀತಿಯಲ್ಲಿ ಸುಳ್ಳು ಇರಲಿಲ್ಲ, ಅದನ್ನು ನಾನು ಉಂಡಿದ್ದೇನೆ. ಇದಕ್ಕೆ ಥ್ಯಾಂಕ್ಸು ಅಂತ ಹೇಳಿದರೆ ನೀವು ತಲೆಗೆ ಮೊಟಕುತ್ತೀರಿ. ಆದರೂ ಹೇಳುತ್ತಿದ್ದೇನೆ, ನಾಳೆ ಆದ ಮೇಲೆ ಹೇಳಲು ನೀವು ನನ್ನನ್ನು ಒಳಗೆ ಬಿಡುತ್ತೀರೋ ಇಲ್ಲವೋ.

ಸ್ವಾಮಣ್ಣನಿಗೂ ನಾನು ಋಣಿ. ನಾನು ಅಷ್ಟು ಕೊಂದರೂ ಅವರ ಗಿಡ ಪೂರ್ತಿ ಸಾಯಲಿಲ್ಲ. ಸತ್ತಿದ್ದರೆ ನಿಮಗೆ ಕೊಡಲು ನನ್ನ ಹತ್ತಿರ ಈ ಮಾತು ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ನಂದಿನಿ ಬರುವುದಕ್ಕೆ ಮುಂಚೆ, ನಾಳೆ ಬೆಳಿಗ್ಗೆ ನೀವು ಅಂಗಳ ಸಾರಿಸುವ ಹೊತ್ತಿಗೆ ಬರುತ್ತೇನೆ. ಬಕೆಟ್ಟಿನಲ್ಲಿ ಸ್ವಾಮಣ್ಣನ ಗಿಡ ಇರುತ್ತದೆ. ಮೊದಲು ಇದನ್ನೆಲ್ಲ ಹೇಳುತ್ತೇನೆ; ಆಮೇಲೆ ನಿಮ್ಮ ತೊಟ್ಟಿಯ ಕಲ್ಲನ್ನು ಎತ್ತಿ ಕರಿ ದಾರ ತೋರಿಸುತ್ತೇನೆ. ನೀವು ಏನು ಅಂದರೂ ಅನ್ನಿಸಿಕೊಳ್ಳುತ್ತೇನೆ. ಏನೂ ಅನ್ನದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರೂ ಬಕೆಟ್ಟನ್ನು ಹೊಸಿಲ ಹತ್ತಿರ ನೆರಳಿನಲ್ಲಿಟ್ಟು ಬರುತ್ತೇನೆ, ಅದಕ್ಕೆ ಬಿಸಿಲು ಆಗುವುದಿಲ್ಲ.

ನಂದಿನಿಗೆ ಕೊಡುವ ತುಂಡನ್ನು ಅದರಿಂದ ತೆಗೆಯಿರಿ ಅಕ್ಕ. ಕಣ್ಣು ಎಲ್ಲಿದೆ ಅಂತ ನಾನು ತೋರಿಸುತ್ತೇನೆ. ಕತ್ತರಿ ನಿಮ್ಮ ಕೈಯಲ್ಲಿರಲಿ.